ಕಳೆದ ದಿನಕ್ಕೆ ಬೆಲೆ ಕಟ್ಟುವವರಾರು?

ಇಳಕಲ್ಲಿನ ನೇಕಾರನೊಬ್ಬನು ಬೆಳಗಿನ ಹೊತ್ತು ಮಗ್ಗದ ಮುಂದೆ ಕುಳಿತಿದ್ದಾನೆಂದು ಭಾವಿಸೋಣ. ಪೋಲೀಸರು ಬಂದು ವಾರಂಟು ತೋರಿಸುತ್ತಾರೆ. ಅದರಲ್ಲಿರುವ ತಂದೆಯ ಹೆಸರು ಅವನ ತಂದೆಯದೇ. ಆದರೆ ಆರೋಪಿಯ ಹೆಸರು ಬೇರೆಯವನದು. ಅವನ ಮಾತನ್ನು ಯಾರೂ ಕೇಳುವುದಿಲ್ಲ. ಸೆರಗು ಅರ್ಧಕ್ಕೆ ನಿಲ್ಲುತ್ತದೆ. ಓಣಿಯವರೆಲ್ಲ ನೋಡುತ್ತಿರುವಂತೆಯೇ ಅವನು ಜೀಪು ಹತ್ತುತ್ತಾನೆ. ತಪ್ಪು ತಿಳಿದು ಬಿಡುಗಡೆಯಾದರೂ, ಹೋದ ಮಾನಕ್ಕೆ, ಹೋದ ಕೂಲಿಗೆ ಹೊಣೆ ಯಾರು?

ನೇಕಾರನು ಕಲ್ಪಿತನಾದರೂ ಇಂತಹ ಘಟನೆ ಕಲ್ಪಿತವಲ್ಲ. ತಂದೆಯ ಹೆಸರು ಒಂದೇ ಆಗಿದ್ದುದರಿಂದ ಆರೋಪಿಯ ಬದಲು ಬೇರೊಬ್ಬರನ್ನು ಬಂಧಿಸಿದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2022ರಲ್ಲಿ 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಬಂಧಿಸುವ ಮೊದಲು ಗುರುತನ್ನು ಖಚಿತಪಡಿಸಿಕೊಳ್ಳುವುದು ಪೋಲೀಸರ ಕರ್ತವ್ಯವೆಂದು ಹೇಳಿತು. ಅದೇ ವರ್ಷ, ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಅಕಾರಣವಾಗಿ ಕೈಕೋಳ ತೊಡಿಸಿದುದಕ್ಕೆ ಧಾರವಾಡ ಪೀಠವು 2 ಲಕ್ಷ ರೂಪಾಯಿ ಕೊಡಿಸಿತು. ಬಾಗಲಕೋಟೆ ಜಿಲ್ಲೆಯೂ ಇದೇ ಪೀಠದ ವ್ಯಾಪ್ತಿಗೆ ಸೇರಿದುದು.

ಈ ಬಾಗಿಲು ಹಿಂದೆ ಮುಚ್ಚಿತ್ತು. 1947ರಲ್ಲಿ ಮೀರತ್ತಿಗೆ ಬಂದಿದ್ದ ಚಿನ್ನದ ವ್ಯಾಪಾರಿಯೊಬ್ಬನನ್ನು ಪೋಲೀಸರು ಸಂಶಯದ ಮೇಲೆ ಹಿಡಿದು, ಮರುದಿನ ಬಿಟ್ಟರು. ಠಾಣೆಯಲ್ಲಿಟ್ಟಿದ್ದ ಅವನ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲನೊಬ್ಬ ಅಪಹರಿಸಿ ಪಾಕಿಸ್ತಾನಕ್ಕೆ ಓಡಿಹೋದ. ಬಂಧನವು ರಾಜ್ಯದ ಸಾರ್ವಭೌಮ ಅಧಿಕಾರಕ್ಕೆ ಸೇರಿದುದೆಂಬ ಕಾರಣದಿಂದ ಸುಪ್ರೀಂ ಕೋರ್ಟು 1964ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು. 1983ರಲ್ಲಿ ಗಾಳಿ ತಿರುಗಿತು. ಬಿಹಾರದ ರುದುಲ್ ಸಾಹ ಎಂಬವನು 1968ರಲ್ಲಿಯೇ ಖುಲಾಸೆಯಾಗಿದ್ದರೂ 1982ರ ವರೆಗೆ ಸೆರೆಮನೆಯಲ್ಲಿದ್ದ. ಅವನಿಗೆ ತಾತ್ಕಾಲಿಕ ಪರಿಹಾರವಾಗಿ ಒಟ್ಟು 35,000 ರೂಪಾಯಿ ಕೊಡಿಸಿದ ಸುಪ್ರೀಂ ಕೋರ್ಟು, ಉಳಿದ ನಷ್ಟಕ್ಕೆ ಬೇರೆಯಾಗಿ ದಾವೆ ಹೂಡುವ ಹಕ್ಕನ್ನೂ ಉಳಿಸಿತು.

ಆದರೆ ಖುಲಾಸೆಯಾದ ಮಾತ್ರಕ್ಕೆ ಬಂಧನವು ಅಕ್ರಮವೆನಿಸದು. ಸಕಾರಣವಿಲ್ಲದೆ ಹಿಡಿದರೆ, ಅಥವಾ ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದರೆ ಅದು ಅಕ್ರಮ.

ಇಂತಹ ನಷ್ಟಪರಿಹಾರದ ದಾವೆಗೆ ಕಾಲವೇ ದೊಡ್ಡ ಶತ್ರು. 1963ರ ಕಾಲಮಿತಿ ಕಾಯಿದೆಯಂತೆ, ಬಂಧನ ಮುಗಿದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡಬೇಕು. ಸರ್ಕಾರದ ಮೇಲೆ ದಾವೆಯಾದರೆ ಎರಡು ತಿಂಗಳ ನೋಟೀಸು ಮುಂಚಿತವಾಗಿ ಕೊಡಬೇಕು. ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯವಾದರೆ, ಕರ್ನಾಟಕ ಪೋಲೀಸ್ ಕಾಯಿದೆಯ 170ನೆಯ ಕಲಮಿನಂತೆ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆಯೂ ಏಳುತ್ತದೆ. ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವುದು ಬೇರೊಂದು ದಾರಿ. ಸುಳ್ಳು ದೂರು ಕೊಟ್ಟು ಅಕಾರಣವಾಗಿ ಬಂಧನ ಮಾಡಿಸಿದವನಿಂದ ಮ್ಯಾಜಿಸ್ಟ್ರೇಟರೂ ಪರಿಹಾರ ಕೊಡಿಸಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದರ ಮಿತಿ 1,000 ರೂಪಾಯಿ ಮಾತ್ರ. ಆ ಹಣಕ್ಕೆ ಇಳಕಲ್ಲಿನ ರೇಷ್ಮೆ ಸೀರೆಯೊಂದು ಬಾರದು.

ಆದುದರಿಂದ ಬಾದಾಮಿಯ ರಿಕ್ಷಾದವನಿರಲಿ, ಹುನಗುಂದದ ರೈತನಿರಲಿ, ಬಾಗಲಕೋಟೆಯ ವರ್ತಕನಿರಲಿ, ಮೊದಲು ಮಾಡಬೇಕಾದುದು ಒಂದೇ: ಹಿಡಿದ ದಿನ, ಗಳಿಗೆ, ಬಿಟ್ಟ ಗಳಿಗೆಗಳನ್ನು ಬರೆದಿಡುವುದು. ಸಾಕ್ಷಿಯ ಸಹಿಯುಳ್ಳ ಬಂಧನದ ಮೆಮೊ ಇರಬೇಕೆಂಬುದು ಸುಪ್ರೀಂ ಕೋರ್ಟಿನ 1996ರ ಆದೇಶ. ಅದರ ಪ್ರತಿಯನ್ನು ಕೇಳಿ ಪಡೆಯುವುದು ಒಳ್ಳೆಯದು. ಮಾನ ಹೋಯಿತೆಂದು ನಾಚಿ ಮನೆಯಲ್ಲಿ ಕುಳಿತವನ ವರ್ಷ ಬೇಗ ಕಳೆಯುತ್ತದೆ. ನ್ಯಾಯಾಲಯದ ಬಾಗಿಲು ತೆರೆದಿದೆ ನಿಜ. ಅದು ಮುಚ್ಚುವ ದಿನವೂ ಕ್ಯಾಲೆಂಡರಿನಲ್ಲಿದೆ.