ವೆಬ್ ಪುಟದಲ್ಲಿ ಗಣಿತದ ಬರಹ

ಸಾಮಾನ್ಯ ಬರಹ ಒಂದೇ ಸಾಲಿನಲ್ಲಿ ಸಾಗಿದರೆ, ಗಣಿತದ ಬರಹ ಭಿನ್ನರಾಶಿ, ಘಾತ, ವರ್ಗಮೂಲಗಳಿಂದಾಗಿ ಮೇಲಕ್ಕೂ ಕೆಳಕ್ಕೂ ಹರಡಿಕೊಳ್ಳುವುದರಿಂದ, ಆರಂಭದ ವೆಬ್ ಪುಟಗಳಲ್ಲಿ ಸಮೀಕರಣಗಳನ್ನು ಚಿತ್ರಗಳಾಗಿ ಸೇರಿಸುವುದು ರೂಢಿಯಾಗಿತ್ತು. ಅಂಥ ಚಿತ್ರ ಹಿಗ್ಗಿಸಿದಾಗ ಮಸುಕಾಗುತ್ತಿತ್ತು. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಪರದೆಯ ಬರಹವನ್ನು ಓದಿಹೇಳುವ ತಂತ್ರಾಂಶವನ್ನೇ ನೆಚ್ಚಿದ ಅಂಧ ವಿದ್ಯಾರ್ಥಿಗೆ ಆ ಸಮೀಕರಣ ದಕ್ಕುತ್ತಲೇ ಇರಲಿಲ್ಲ. ಇದಕ್ಕೆ ಪರಿಹಾರವಾಗಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಒಕ್ಕೂಟವು 1998ರಲ್ಲಿ ಮ್ಯಾಥ್‌ಎಂಎಲ್ ಎಂಬ ಗುರುತುಭಾಷೆಯನ್ನು, ಅಂದರೆ ಬರಹದ ಪ್ರತಿ ಭಾಗಕ್ಕೂ ಅದರ ಪಾತ್ರವನ್ನು ಸೂಚಿಸುವ ಪಟ್ಟಿ ಹಚ್ಚುವ ವಿಧಾನವನ್ನು, ಶಿಫಾರಸು ಮಾಡಿತು. ಇದರಲ್ಲಿ ‘ಎಂಫ್ರ್ಯಾಕ್’ ಎಂಬ ಗುರುತಿನೊಳಗೆ ಮೊದಲು ಅಂಶವನ್ನೂ ಬಳಿಕ ಛೇದವನ್ನೂ ಬರೆದರೆ, ನಡುವಿನ ಗೆರೆಯನ್ನು ಬ್ರೌಸರ್ ತಾನೇ ಎಳೆಯುತ್ತದೆ. ಆದರೂ ಕ್ರೋಮ್ ಬ್ರೌಸರ್ ಇದನ್ನು ಸ್ಥಿರವಾಗಿ ಅಳವಡಿಸಿಕೊಂಡದ್ದು 2023ರಲ್ಲಿ. ಅಷ್ಟು ಕಾಲ, ಡೊನಾಲ್ಡ್ ಕ್ನೂತ್ ಮುದ್ರಣಕ್ಕಾಗಿ ರೂಪಿಸಿದ ಟೆಕ್ ಶೈಲಿಯಲ್ಲಿ ಬರೆದ ಸೂತ್ರಗಳನ್ನು ಪುಟದಲ್ಲಿ ಸ್ಫುಟವಾಗಿ ಮೂಡಿಸುವ ಮ್ಯಾಥ್‌ಜಾಕ್ಸ್‌ನಂತಹ ಮುಕ್ತ ತಂತ್ರಾಂಶಗಳೇ ಬಹುಮಟ್ಟಿಗೆ ಈ ಹೊರೆ ಹೊತ್ತವು.