ನಾಯಿಮರಿಗೊಂದು ಗೂಡು

ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಲ್ಲಿ ಮಕ್ಕಳ ಅಕ್ಕರೆಗಾಗಿ ಪೊಮೆರೇನಿಯನ್‌ನಂತಹ ಪುಟ್ಟ ನಾಯಿಗಳನ್ನು ಸಾಕುವುದುಂಟು. ಆದರೆ ಪಡಸಾಲೆಯನ್ನು ಹೊಲಸು ಮಾಡಿತೆಂದು ಮರಿಯನ್ನು ಬಡಿಯುವುದು, ಕೊನೆಗೆ ಬೀದಿಪಾಲು ಮಾಡುವುದು ಗೃಹಸ್ಥರಿಗೆ ಶೋಭಿಸದು. ಕಲಿಸದೆ ಮೂಕಪ್ರಾಣಿಗೆ ತಿಳಿಯುವುದೆಂತು?

ನಾಯಿಯು ತಾನು ಮಲಗುವ ಸ್ಥಳವನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಕ್ರೇಟ್ ಎಂಬ ಬಾಗಿಲುಳ್ಳ ಗೂಡಿನ ಪ್ರಯೋಜನವಿರುವುದು ಇಲ್ಲಿಯೇ. ಮರಿಯು ನಿಲ್ಲಲು, ತಿರುಗಲು, ಕಾಲುಚಾಚಿ ಮಲಗಲು ಸಾಲುವಷ್ಟೇ ಜಾಗವಿರಲಿ. ಹೆಚ್ಚಾದರೆ ಒಂದು ಮೂಲೆಯನ್ನು ಹೊಲಸು ಮಾಡುವುದು. ಮೊದಲ ದಿನಗಳಲ್ಲಿ ಬಾಗಿಲು ತೆರೆದಿಟ್ಟು, ಒಳಗೇ ಉಣಿಸಿ ರೂಢಿ ಮಾಡಿಸಬೇಕು. ಶಿಕ್ಷೆಗೆಂದು ಅದರಲ್ಲಿ ಎಂದೂ ಕೂಡಬಾರದು.

ಎದ್ದೊಡನೆ, ಉಂಡ ಮೇಲೆ, ಆಡಿದ ಮೇಲೆ ಅಂಗಳದ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮುಗಿಸಿದ ಕ್ಷಣವೇ ಮೈದಡವಿ ರೊಟ್ಟಿಯ ಚೂರು ಕೊಡಿರಿ. 2 ತಿಂಗಳ ಮರಿಯು 2-3 ಗಂಟೆಗಿಂತ ಹೆಚ್ಚು ತಡೆಯಲಾರದು. ರಾತ್ರಿಯೂ ಎದ್ದು ಹೊರಗೊಯ್ಯಬೇಕಾದೀತು. ತಡವಾಗಿ ಕಂಡು ಬಡಿದರೆ ಪೆಟ್ಟಿನ ಕಾರಣ ಅದಕ್ಕೆ ತಿಳಿಯದು. ಅಂಜಿ ಮರೆಯಲ್ಲಿ ಮಾಡಲು ತೊಡಗುವುದು. ಪರಸಿಯ ಸಂದಿನಲ್ಲಿ ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುವುದರಿಂದ ಸಾಬೂನಿನ ನೀರಿನಿಂದ ತಿಕ್ಕಿ ತೊಳೆಯಬೇಕು.

ನಮ್ಮ ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣಿಯಬೇಕು. ತಗಡಿನ ಶೆಡ್ಡಿನಲ್ಲಿ, ಬಿಸಿಲ ಮಾಳಿಗೆಯಲ್ಲಿ ಗೂಡಿಟ್ಟರೆ ಅದರ ಪ್ರಾಣಕ್ಕೇ ಕುತ್ತು. ಗಾಳಿಯಾಡುವ ನೆರಳಿನಲ್ಲಿಟ್ಟು, ಬಳಿಯಲ್ಲಿ ನೀರಿಡಿರಿ.

ಕೆಲವು ತಿಂಗಳ ತಾಳ್ಮೆಯಿಂದ ಮರಿ ಕಲಿಯುವುದು. ಅಷ್ಟು ತಾಳ್ಮೆಯುಳ್ಳವರು ಮಾತ್ರ ಮರಿಯನ್ನು ಮನೆಗೆ ತರಬೇಕೆಂದು ನಾವು ಬಿನ್ನವಿಸುತ್ತೇವೆ.