ವಿದೇಶಿ ವಿನಿಮಯ ನಿಯಂತ್ರಣ ಮತ್ತು ಅಕ್ಕಸಾಲಿಗ ವೃತ್ತಿ

'ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಪ್ರಚಲಿತವಾದುದು. ಚಿನ್ನ ಕೊಡುವವರಿಗೂ ಅದನ್ನು ಕರಗಿಸುವವನಿಗೂ ನಡುವೆ ಇದ್ದ ಸಂಶಯವನ್ನು ಈ ಗಾದೆ ಹಿಡಿದಿಟ್ಟಿದೆ. ಆ ಸಂಶಯಕ್ಕೆ ಸಮುದಾಯವೇ ಪರಿಹಾರವನ್ನೂ ಕಂಡುಕೊಂಡಿತ್ತು: ಕಣ್ಣೆದುರಿನ ತೂಕ, ಒರೆಗಲ್ಲಿನ ಗೆರೆ, ತಲೆಮಾರುಗಳಿಂದ ಒಂದೇ ಮನೆತನಕ್ಕೆ ಒಡವೆ ಮಾಡಿಕೊಡುವ ವಾಡಿಕೆ. 1963ರಲ್ಲಿ ಈ ಸಂಬಂಧದ ನಡುವೆ ಪ್ರಭುತ್ವವು ಪ್ರವೇಶಿಸಿತು. ಅದಕ್ಕೆ ಕಾರಣ ಅಕ್ಕಸಾಲಿಗನ ಪ್ರಾಮಾಣಿಕತೆಯಲ್ಲ. ದೇಶದ ವಿದೇಶಿ ವಿನಿಮಯದ ಕೊರತೆ.

ಭಾರತದಲ್ಲಿ ವಿನಿಮಯ ನಿಯಂತ್ರಣವು ಎರಡನೆಯ ಮಹಾಯುದ್ಧದೊಡನೆ, 1939ರ ಸೆಪ್ಟೆಂಬರಿನಲ್ಲಿ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಆರಂಭವಾಯಿತು. ಯುದ್ಧ ಮುಗಿದರೂ ನಿಯಂತ್ರಣ ಮುಗಿಯಲಿಲ್ಲ. 1947ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ ಹಾಗೂ ಆಮದು ರಫ್ತು ನಿಯಂತ್ರಣ ಕಾಯಿದೆಗಳು ಜಾರಿಗೆ ಬಂದವು. ಎರಡನೆಯ ಪಂಚವಾರ್ಷಿಕ ಯೋಜನೆಯ ಯಂತ್ರಾಮದಿನಿಂದ 1957ರ ವೇಳೆಗೆ ಮೀಸಲು ನಿಧಿ ತೀವ್ರವಾಗಿ ಕರಗಿತು. ದೇಶದೊಳಗೆ ಕೋಲಾರ, ಹಟ್ಟಿಯಂಥ ಕೆಲವೇ ಗಣಿಗಳಿದ್ದುದರಿಂದ ಚಿನ್ನದ ಬೇಡಿಕೆಯ ಬಹುಪಾಲನ್ನು ಕಳ್ಳಸಾಗಣೆ ಪೂರೈಸುತ್ತಿತ್ತು. ಅದರ ಬೆಲೆ ಲೆಕ್ಕಕ್ಕೆ ಸಿಗದ ವಿದೇಶಿ ಹಣದಲ್ಲಿ ಸಂದಾಯವಾಗುತ್ತಿತ್ತು.

1962ರ ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಅರ್ಥಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ಪ್ರಕಟಿಸಿದರು. ಆಭರಣವಲ್ಲದ ಚಿನ್ನವನ್ನು ಘೋಷಿಸಬೇಕೆಂದೂ ಹೊಸ ಆಭರಣಗಳು 14 ಕ್ಯಾರೆಟ್ ಮೀರಬಾರದೆಂದೂ ವಿಧಿಸಲಾಯಿತು. ಸಾಂಪ್ರದಾಯಿಕ 22 ಕ್ಯಾರೆಟ್ ಚಿನ್ನದಲ್ಲಿ ಶುದ್ಧಾಂಶ ಶೇ. 91.6ರಷ್ಟಿದ್ದರೆ, 14 ಕ್ಯಾರೆಟ್‌ನಲ್ಲಿ ಅದು ಶೇ. 58.3 ಮಾತ್ರ. ತಾಳಿ, ಓಲೆ, ಬುಗುಡಿಗಳಿಗೆ ಜನ ಇಂಥ ಚಿನ್ನವನ್ನು ಒಪ್ಪಲಿಲ್ಲ. ಮಿಶ್ರಲೋಹ ಹೆಚ್ಚಿದ ಚಿನ್ನ ಗಡುಸಾದುದರಿಂದ ಸೂಕ್ಷ್ಮ ಕುಸುರಿಗೂ ಅದು ಸುಲಭವಾಗಿ ಬಗ್ಗುತ್ತಿರಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗರ ಅಗ್ಗಿಷ್ಟಿಕೆಗಳು ಆರಿದವು, ಆತ್ಮಹತ್ಯೆಗಳೂ ವರದಿಯಾದವು. ಪರ್ಯಾಯ ಉದ್ಯೋಗ, ಸಾಲಗಳ ಮೂಲಕ ಸರ್ಕಾರ ಪುನರ್ವಸತಿಗೆ ಮುಂದಾಯಿತಾದರೂ ಕುಲಕಸುಬಿನ ಕೈಗೆ ಬೇರೆ ಕೆಲಸ ಸುಲಭವಾಗಿ ಒಗ್ಗುವಂತಿರಲಿಲ್ಲ.

1966ರಲ್ಲಿ ಶುದ್ಧತೆಯ ಮಿತಿಯನ್ನು ಕೈಬಿಡಲಾಯಿತು. ಆದರೆ 1968ರ ಚಿನ್ನ ನಿಯಂತ್ರಣ ಕಾಯಿದೆ ಗಟ್ಟಿ ಚಿನ್ನವನ್ನು ಖಾಸಗಿಯಾಗಿ ಇರಿಸಿಕೊಳ್ಳುವುದನ್ನು ನಿಷೇಧಿಸಿ, ವರ್ತಕನಿಗೆ ಪರವಾನಗಿಯನ್ನೂ ಅಕ್ಕಸಾಲಿಗನಿಗೆ ಪ್ರಮಾಣಪತ್ರವನ್ನೂ ಕಡ್ಡಾಯಗೊಳಿಸಿತು. ಇಲ್ಲಿಯೇ ಕಾನೂನಿಗೂ ಕಸುಬಿಗೂ ಇರುವ ಮೂಲಭೂತ ಅಂತರ ಗೋಚರಿಸುತ್ತದೆ. ಜನಪದರ ದೃಷ್ಟಿಯಲ್ಲಿ ಒಡವೆ ಮತ್ತು ಗಟ್ಟಿ ಎರಡು ವಸ್ತುಗಳಲ್ಲ, ಒಂದೇ ವಸ್ತುವಿನ ಎರಡು ಅವಸ್ಥೆಗಳು. ಅಜ್ಜಿಯ ಸರ ಕರಗಿ ಗಟ್ಟಿಯಾಗಿ, ಮೊಮ್ಮಗಳ ಓಲೆಯಾಗುತ್ತದೆ. ಈ ನಡುವಣ ಅವಸ್ಥೆಯನ್ನೇ ಕಾನೂನು ಶಂಕೆಗೆ ಒಳಪಡಿಸಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನು ಒಟ್ಟಾರೆ ಎತ್ತಿಹಿಡಿದರೂ ಕೆಲವು ಕಲಮುಗಳನ್ನು ರದ್ದುಗೊಳಿಸಿತು.

1973ರ ಕಠಿಣತರ ವಿದೇಶಿ ವಿನಿಮಯ ಕಾಯಿದೆ, 1974ರ ಕಳ್ಳಸಾಗಣೆ ತಡೆ ಕಾಯಿದೆಗಳ ನಂತರವೂ ಕಳ್ಳಸಾಗಣೆ ನಿಲ್ಲಲಿಲ್ಲ. 1990ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ರದ್ದಾಯಿತು. ಮರುವರ್ಷದ ಬಿಕ್ಕಟ್ಟಿನಲ್ಲಿ ದೇಶವೇ ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಒತ್ತೆಯಿಟ್ಟು ಸಾಲ ಪಡೆಯಿತು. ಕಷ್ಟಕಾಲಕ್ಕೆಂದು ಚಿನ್ನ ಕೂಡಿಡುವ ಗೃಹಿಣಿಯ ವಿವೇಕವನ್ನು ದಶಕಗಳ ಕಾಲ ನಿರುತ್ಪಾದಕವೆಂದು ಕಂಡ ಪ್ರಭುತ್ವವು ಅಂದು ಅದೇ ವಿವೇಕವನ್ನು ಆಶ್ರಯಿಸಿತೆಂಬುದು ಗಮನಾರ್ಹ. 1992ರಲ್ಲಿ ಹೊಸ ವಿದೇಶಿ ವ್ಯಾಪಾರ ಕಾಯಿದೆ ಬಂದಿತು. 2000ದ ಜೂನ್ 1ರಂದು ಜಾರಿಯಾದ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯು ಉಲ್ಲಂಘನೆಯನ್ನು ಪ್ರಧಾನವಾಗಿ ಸಿವಿಲ್ ಅಪರಾಧವಾಗಿ ಪರಿಗಣಿಸಿತು.

ನಿಯಂತ್ರಣ ಅನಗತ್ಯವಾಗಿತ್ತೆಂದು ಇದರಿಂದ ತೀರ್ಮಾನಿಸಲಾಗದು, ಕೊರತೆ ನಿಜವಾಗಿತ್ತು. ಆದರೆ ಅದರ ಭಾರ ಕಳ್ಳಸಾಗಣೆಗಾರನಿಗಿಂತ ಮೊದಲು ಬಿದ್ದುದು ಒರೆಗಲ್ಲು, ಇಕ್ಕಳ, ಊದುಕೊಳವೆಗಳ ಹೊರತು ಬೇರೆ ಆಸ್ತಿಯಿಲ್ಲದ ಕುಶಲಕರ್ಮಿಯ ಮೇಲೆ. ಆರ್ಥಿಕ ಇತಿಹಾಸದ ಈ ಅಧ್ಯಾಯವನ್ನು ವೃತ್ತಿ ಜಾನಪದದ ನೆಲೆಯಿಂದಲೂ ಓದಬೇಕಾದ ಅಗತ್ಯ ಇರುವುದು ಇದರಿಂದಲೇ.